ಫೋಲ್ಡರ್‌ಗೆ ಹಾಕಿದ ಮೇಲೆ ಶಾರ್ಟ್‌ಕಟ್ ಕೀ ನಿಂತುಹೋಗಿದ್ದಕ್ಕೆ

ಐಕಾನ್‌ಗಳನ್ನೆಲ್ಲ ಡೆಸ್ಕ್‌ಟಾಪ್‌ನಿಂದ ಡಿ ಡ್ರೈವ್‌ನ ಫೋಲ್ಡರಿಗೆ ಸಾಗಿಸಿದ ಮೇಲೆ ಕನ್ನಡ ಟೈಪಿಂಗ್ ಪ್ರೋಗ್ರಾಂ ‘ನುಡಿ’ ತೆರೆಯುವ ಕಂಟ್ರೋಲ್+ಆಲ್ಟ್+ಎನ್ ಕೆಲಸ ಮಾಡ್ತಿಲ್ಲ ಅಂದಿರಲ್ವಾ, ಹಾಗೆ ಸಾಗಿಸಿದ್ದೇ ಕಾರಣ ಇರಬೇಕು. ವಿಂಡೋಸ್‌ನಲ್ಲಿ ಈ ಕೀ ನಡೆಯುವುದು ಪ್ರೋಗ್ರಾಂ ತೆರೆಯುವ ಐಕಾನ್, ಅಂದರೆ ಶಾರ್ಟ್‌ಕಟ್ ಡೆಸ್ಕ್‌ಟಾಪ್‌ನಲ್ಲೋ ಸ್ಟಾರ್ಟ್ ಮೆನುವಿನಲ್ಲೋ ಇದ್ದರೆ ಮಾತ್ರ. ನನಗೂ ಹೀಗೇ ಆಗಿತ್ತು, ಸುಮ್ನೆ ಕೀಬೋರ್ಡ್ ಕೆಟ್ಟಿದೆ ಅಂದುಕೊಂಡಿದ್ದೆ.

ಮೊದಲು ಫೋಲ್ಡರಿನಲ್ಲಿರುವ ಹಳೇ ಶಾರ್ಟ್‌ಕಟ್ ಅಳಿಸಿ. ಪ್ರೋಗ್ರಾಂ ಎಲ್ಲೂ ಹೋಗುವುದಿಲ್ಲ, ಹೆದರಬೇಡಿ. ಆಮೇಲೆ ಸ್ಟಾರ್ಟ್‌ನಲ್ಲಿ ನುಡಿ ಹುಡುಕಿ, ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿ. ತೆರೆದ ಕಿಟಕಿಯಲ್ಲಿ, ಮೂಲೆಯಲ್ಲಿ ಪುಟ್ಟ ಬಾಣದ ಗುರುತಿರುವ ಐಕಾನ್ ಕಾಣುತ್ತದೆ. ಅದರ ಪ್ರಾಪರ್ಟೀಸ್‌ಗೆ ಹೋಗಿ, ‘ಶಾರ್ಟ್‌ಕಟ್ ಕೀ’ ಅನ್ನುವ ಜಾಗದಲ್ಲಿ ಕ್ಲಿಕ್ ಮಾಡಿ ಬರೀ ಎನ್ ಒತ್ತಿದರೆ ಸಾಕು, ಕಂಟ್ರೋಲ್+ಆಲ್ಟ್ ತಾನಾಗೇ ಸೇರಿಕೊಳ್ಳುತ್ತದೆ. ಓಕೆ ಕೊಡಿ. ಅನುಮತಿ ಕೇಳಿದರೆ ‘ಕಂಟಿನ್ಯೂ’ ಒತ್ತಿ.

ಆಗಲೂ ತೆರೆಯದಿದ್ದರೆ ಬಹುಶಃ ಬೇರೆ ಯಾವುದೋ ಪ್ರೋಗ್ರಾಂ ಅದೇ ಕೀ ಹಿಡಿದುಕೊಂಡಿದೆ, ಅಕ್ಷರ ಬದಲಿಸಿ ನೋಡಿ. ಇದೆಲ್ಲ ಬೇಡ ಅನ್ನಿಸಿದರೆ ಟಾಸ್ಕ್‌ಬಾರ್‌ಗೆ ಪಿನ್ ಮಾಡಿ ಎಡತುದಿಗೆ ಎಳೆದಿಡಿ, ಪಿನ್ ಮಾಡಿದವುಗಳಲ್ಲಿ ಅದೇ ಮೊದಲನೆಯದಾದರೆ ವಿಂಡೋಸ್ ಕೀ ಜೊತೆ 1 ಒತ್ತಿದರೆ ತೆರೆಯುತ್ತದೆ.