ಓದುಗರ ಪ್ರಶ್ನೆ: ಬರಹ ಏಕತಾನವಾಗುವುದು ಎಲ್ಲಿ?

ಪ್ರಶ್ನೆ: ನನ್ನ ಲೇಖನಗಳಲ್ಲಿ ಮಾಹಿತಿ ಸರಿಯಾಗಿದೆ, ವ್ಯಾಕರಣದ ತಪ್ಪೂ ಇಲ್ಲ. ಆದರೂ ‘ಏಕತಾನ’ ಎಂಬ ಷರಾದೊಂದಿಗೆ ವಾಪಸಾಗುತ್ತವೆ. ಇದರ ಅರ್ಥವೇನು? ಪದಗಳನ್ನು ಬದಲಿಸಿದರೆ ಸಾಕೇ?

ಉತ್ತರ: ಸಾಲದು. ಎಷ್ಟೋ ಸಲ ಅದು ಬೇಡದ ಕೆಲಸವೇ. ಒಮ್ಮೆ ‘ನೀರು’, ಮುಂದೆ ‘ಜಲ’, ಆಮೇಲೆ ‘ಉದಕ’ ಎಂದು ಬರೆದರೆ ಇವು ಬೇರೆ ಬೇರೆಯೇನೋ ಎಂದು ಓದುಗ ತಡವರಿಸುತ್ತಾನೆ. ದೋಷ ಹೆಚ್ಚಾಗಿ ಇರುವುದು ವಾಕ್ಯದ ಕಟ್ಟಿನಲ್ಲಿ. ಕನ್ನಡದಲ್ಲಿ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಕೊನೆಯ ಜಾಗ. ಕಾಲವೂ ಕರ್ತೃವೂ ಬದಲಾಗದಿದ್ದರೆ ಪ್ರತಿ ವಾಕ್ಯಕ್ಕೂ ಅದೇ ಬಾಲ. ‘ಮಾಡಲಾಗಿದೆ, ನೀಡಲಾಗಿದೆ’ ಇನ್ನೂ ಕೆಟ್ಟದ್ದು. ಅಲ್ಲಿ ಮಾಡಿದವರೇ ನಾಪತ್ತೆ!

ಹತ್ತು ವಾಕ್ಯ ಆರಿಸಿ, ಪ್ರತಿಯೊಂದರ ಕೊನೆಯ ಪದಕ್ಕೆ ಗೆರೆ ಎಳೆಯಿರಿ. ಪಕ್ಕದಲ್ಲಿ ಪದಗಳ ಸಂಖ್ಯೆ ಬರೆಯಿರಿ. ಏಳೆಂಟು ಕಡೆ ‘-ತ್ತದೆ’ ಇದ್ದು, ಎಣಿಕೆಯೂ ಎಂಟು-ಒಂಬತ್ತರ ಆಸುಪಾಸಿನಲ್ಲೇ ನಿಂತಿದ್ದರೆ ರೋಗ ಸಿಕ್ಕಿತು. ‘ಎಲೆ ಹಳದಿಯಾಗುತ್ತದೆ. ನಂತರ ಒಣಗುತ್ತದೆ. ಕೊನೆಗೆ ಉದುರುತ್ತದೆ’ ಎಂಬುದನ್ನು ‘ಎಲೆ ಹಳದಿಯಾಗಿ, ಒಣಗಿ ಉದುರುತ್ತದೆ’ ಎಂದು ಹೊಸೆಯಿರಿ. ಮುಂದಿನದು ಕ್ರಿಯಾಪದವೇ ಇಲ್ಲದ ವಾಕ್ಯವಾಗಲಿ: ‘ಕಾರಣ, ನೀರಿನ ಕೊರತೆ.’ ಆದರೆ ‘ಒಣಗಿ’ಯಂಥ ‘-ಇ, -ದು’ ಕೊಂಡಿಗಳು ಮೂರನ್ನು ದಾಟಿದರೆ ಯಾರು ಏನು ಮಾಡಿದರೆಂಬುದೇ ಮರೆತುಹೋದೀತು. ‘ಉದುರುತ್ತದೆ ಎಲೆ’ ಎಂದು ತಿರುಗಿಸುವುದೂ ಉಂಟು. ಪುಟಕ್ಕೊಮ್ಮೆ ಸಾಕು, ಹೆಚ್ಚಾದರೆ ಕವಿತೆಯ ಸೋಗು.

ಪ್ರಶ್ನೆ: ಹಾಗಾದರೆ ಒಂದೇ ಛಂದಸ್ಸಿನ ದೊಡ್ಡ ಕಾವ್ಯಗಳು ಬೇಸರ ತರಿಸುವುದಿಲ್ಲವೇಕೆ?

ಉತ್ತರ: ಕುಮಾರವ್ಯಾಸ ತನ್ನ ಭಾರತವನ್ನು ಬರೆದದ್ದು ಆರು ಸಾಲಿನ ಭಾಮಿನಿ ಷಟ್ಪದಿಯೊಂದರಲ್ಲೇ. ಆದರೆ ಆ ಚೌಕಟ್ಟಿನ ಒಳಗೇ ಏರಿಳಿತವಿದೆ. 1, 2, 4, 5ನೆಯ ಸಾಲುಗಳಿಗೆ 3+4+3+4, ಅಂದರೆ 14 ಮಾತ್ರೆ (ಹ್ರಸ್ವ ಅಕ್ಷರವೊಂದನ್ನು ಉಚ್ಚರಿಸುವ ಕಾಲ ಒಂದು ಮಾತ್ರೆ). 3 ಮತ್ತು 6ನೆಯವಕ್ಕೆ 3+4 ಮೂರು ಬಾರಿ, ಮೇಲೊಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23. ಎರಡು ಮೋಟು ಸಾಲು, ಒಂದು ಉದ್ದದ್ದು. ಇದಕ್ಕಿಂತ ಮುಖ್ಯ, ಅವನ ವಾಕ್ಯ ಸಾಲಿನ ಕೊನೆಗೇ ಮುಗಿಯಬೇಕೆಂದಿಲ್ಲ. ಮುಂದಿನ ಸಾಲಿಗೆ ಹರಿದು ನಡುವೆಲ್ಲೋ ನಿಲ್ಲುತ್ತದೆ. ಲಯ ಅದೇ, ನಿಲುಗಡೆ ಬೇರೆ. ಪ್ರತಿ ಸಾಲಿಗೂ ಒಂದು ವಾಕ್ಯ ಮುಗಿಸುತ್ತ ಹೋಗುವ ಹೊಸಬರ ಷಟ್ಪದಿ ಹತ್ತನೆಯ ಪದ್ಯಕ್ಕೇ ತೂಕಡಿಸುವುದು ಇದರಿಂದಲೇ.

ಪ್ರಶ್ನೆ: ನಮ್ಮ ಬರಹದ ಏಕತಾನತೆ ನಮಗೇ ಕಾಣುವುದಿಲ್ಲವಲ್ಲ?

ಉತ್ತರ: ಕಣ್ಣಿಗೆ ಕಾಣದ್ದು ಕಿವಿಗೆ ಸಿಗುತ್ತದೆ. ಗಟ್ಟಿಯಾಗಿ ಓದಿ. ದನಿ ಸತತವಾಗಿ ಒಂದೇ ಕಡೆ ಇಳಿಯುತ್ತಿದ್ದರೆ ಅಲ್ಲಿಗೆ ಪೆನ್ಸಿಲ್ ಗುರುತು ಹಾಕಿ; ತಿದ್ದುವುದು ಮರುದಿನ.