ದೊರೆಯ ಬಿರುದಿಗೇ ಕಾಗುಣಿತ ತಪ್ಪಾ?

ಪ್ರಿಯ ಓದುಗರೇ,

ನಿಮ್ಮ ಪತ್ರ ಸಿಟ್ಟಿನದ್ದೇ ಆದರೂ ಓದಿ ನಗು ಬಂತು. ಹೋದ ಸಂಚಿಕೆಯಲ್ಲಿ ನಾವು 1611ರ ಇಂಗ್ಲಿಷ್ ಬೈಬಲಿನ ಮುಖಪುಟದ ಚಿತ್ರ ಹಾಕಿದ್ದೆವು. ಅದರಲ್ಲಿ ‘ಮೆಜೆಸ್ಟಿ’ಗೆ ಜೆ ಬದಲು ಐ ಇದೆ, ಕೊನೆಯ ವೈ ಬದಲು ಐ-ಇ ಇದೆ. ದೊರೆಯ ಬಿರುದನ್ನೇ ತಪ್ಪಾಗಿ ಹಾಕಿದ ಅಚ್ಚುಮನೆಯವನನ್ನು ಸುಮ್ನೆ ಬಿಟ್ಟರಾ ಅಂತ ಕೇಳಿದ್ದೀರಿ. ನಿಮ್ಮ ಕಾಲೇಜಿನ ಮಕ್ಕಳು ಒಂಬತ್ತನೇ ಶತಮಾನದ ಇಂಗ್ಲೆಂಡಿನ ಆಲ್‌ಫ್ರೆಡ್ ದೊರೆಯ ಮೇಲೆ ನಾಟಕ ಆಡುತ್ತಿದ್ದಾರೆ, ಪೋಸ್ಟರಿನಲ್ಲಿ ‘ಕಿಂಗ್’ ಪದವನ್ನು ಹಳೇ ಕಾಲದ ಥರ ಕೆ-ವೈ-ಎನ್-ಜಿ-ಇ ಅಂತ ಬರೆಸಬಹುದಾ ಅನ್ನೋದು ಎರಡನೇ ಪ್ರಶ್ನೆ.

ಆ ಅಚ್ಚುಮನೆಯವನು ರಾಬರ್ಟ್ ಬಾರ್ಕರ್, ದೊರೆಯ ಅಧಿಕೃತ ಮುದ್ರಕ. ಮುಖಪುಟದಲ್ಲಿ ಅವನು ತಪ್ಪೇನೂ ಮಾಡಿರಲಿಲ್ಲ. ಐ, ಜೆ ಬೇರೆ ಬೇರೆ ಅಕ್ಷರ ಅನ್ನೋದು ಆಗಿನ್ನೂ ಗಟ್ಟಿಯಾಗಿರಲಿಲ್ಲ. ಅದೇ ಪುಸ್ತಕದ ಅರ್ಪಣೆಯಲ್ಲಿ ಜೇಮ್ಸ್ ದೊರೆಯ ಹೆಸರೂ ಐ ಅಕ್ಷರದಿಂದಲೇ ಶುರು. ಯು, ವಿ ಕಥೆಯೂ ಹಾಗೇ: ಪದದ ಮೊದಲಿಗೆ ವಿ, ನಡುವೆ ಯು. ಕೊನೆಯ ಇ ಅಂತೂ ಎಷ್ಟೋ ಸಲ ಅಚ್ಚಿನ ಮೊಳೆ ಜೋಡಿಸುವವನ ಇಷ್ಟ. ಸಾಲು ತುಂಬದಿದ್ದರೆ ಒಂದು ಇ ಸೇರಿಸುತ್ತಿದ್ದ, ಜಾಗ ಸಾಲದಿದ್ದರೆ ಕಿತ್ತುಹಾಕುತ್ತಿದ್ದ.

ನಿಜವಾದ ತಪ್ಪಿಗೆ ಮಾತ್ರ ಶಿಕ್ಷೆ ತಪ್ಪಲಿಲ್ಲ. 1631ರಲ್ಲಿ ಇದೇ ಬಾರ್ಕರ್, ಮಾರ್ಟಿನ್ ಲೂಕಸ್ ಜೊತೆ ಅಚ್ಚು ಹಾಕಿದ ಬೈಬಲಿನಲ್ಲಿ ‘ವ್ಯಭಿಚಾರ ಮಾಡಬಾರದು’ ಅನ್ನೋ ಕಡೆ ‘ನಾಟ್’ ಬಿಟ್ಟುಹೋಯಿತು. ಮಾಡಬೇಕು ಅಂತಾಯಿತು! 300 ಪೌಂಡ್ ದಂಡ ಬಿತ್ತು.

ಇನ್ನು ಆಲ್‌ಫ್ರೆಡ್. ಸಾಮಾನ್ಯವಾಗಿ ಕಲಿಸುವ ಕಥೆ ಹೀಗಿದೆ. ಹಳೇ ಇಂಗ್ಲಿಷಿನಲ್ಲಿ ದೊರೆಗೆ ಸಿ-ವೈ-ಎನ್-ಐ-ಎನ್-ಜಿ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲಲು ಬಂದರು. ಫ್ರೆಂಚ್ ರೂಢಿಯ ಬರಹಗಾರರು ಇ, ಐ, ವೈಗಿಂತ ಮೊದಲು ಬರುವ ಸಿ ಅಕ್ಷರವನ್ನು ‘ಸ’ ಅಂತ ಓದುತ್ತಿದ್ದರು. ಹಾಗಾಗಿ ‘ಕ’ ಸದ್ದಿಗೆ ಕೆ ತಂದರು. ರಾಣಿಯ ಪದ ‘ಕ್ವೀನ್’ನಲ್ಲಿ ಸಿ-ಡಬ್ಲ್ಯೂ ಹೋಗಿ ಕ್ಯೂ-ಯು ಬಂದದ್ದೂ ಅವರ ಕಾಲದಲ್ಲೇ.

ರಾಣಿಯ ಮಟ್ಟಿಗೆ ಇದು ಸರಿ, ದೊರೆಯ ಮಟ್ಟಿಗೆ ಅರ್ಧ ಸರಿ. 890ರ ಸುಮಾರಿಗೆ ಆಲ್‌ಫ್ರೆಡ್, ಪೋಪ್ ಗ್ರೆಗೊರಿಯ ಗ್ರಂಥವೊಂದನ್ನು ಇಂಗ್ಲಿಷಿಗೆ ತಂದು ಬಿಷಪ್ಪರಿಗೆಲ್ಲ ಪ್ರತಿ ಕಳಿಸಿದ. ವುಸ್ಟರ್ ಊರಿನ ಬಿಷಪ್ಪರಿಗೆ ಹೋದ ಪ್ರತಿ ಈಗಲೂ ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯಲ್ಲಿದೆ. ಮೇಲ್ಗಡೆ ‘ಈ ಪುಸ್ತಕ ವುಸ್ಟರಿಗೆ ಹೋಗತಕ್ಕದ್ದು’ ಅಂತ ವಿಳಾಸವೂ ಉಂಟು. ಅದರ ಕೆಳಗೆ ಆಲ್‌ಫ್ರೆಡ್ ಹೆಸರಿನ ಪಕ್ಕ ಇರೋದು ಕೆ-ವೈ-ಎನ್-ಐ-ಎನ್-ಜಿ. ನಾರ್ಮನ್ನರು ಬರಲು ಇನ್ನೂ ನೂರೆಪ್ಪತ್ತು ವರ್ಷ ಇತ್ತು! ಕೆ ಆಗಲೇ ಕೆಲವರ ಕೈಯಲ್ಲಿ ಓಡಾಡುತ್ತಿತ್ತು. ನಾರ್ಮನ್ನರ ನಂತರ ಅದು ಗೆದ್ದಿತು, ಅಷ್ಟೇ.

ಹಾಗಂತ ಕಾಲ ಕಳೆದಂತೆ ಎಲ್ಲ ನೆಟ್ಟಗಾಗುತ್ತಾ ಬಂತು ಅಂದುಕೊಳ್ಳಬೇಡಿ. 1258ರಲ್ಲಿ ಮೂರನೇ ಹೆನ್ರಿ ಇಂಗ್ಲಿಷಿನಲ್ಲೇ ಒಂದು ಘೋಷಣೆ ಹೊರಡಿಸಿದ. ಅದರಲ್ಲಿ ‘ಕಿಂಗ್’ ಇವತ್ತಿನ ಥರವೇ ಇದೆ. ಅದೇ ಸಾಲಿನಲ್ಲಿ ಐರ್ಲೆಂಡಿನ ‘ಲಾರ್ಡ್’ ಮಾತ್ರ ಎಲ್-ಎಚ್-ಒ-ಎ-ಯು-ಇ-ಆರ್-ಡಿ, ಪೂರಾ ಎಂಟಕ್ಷರ! 1476ರಲ್ಲಿ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ ಅಚ್ಚುಮನೆ ತೆರೆದ. ಅವನ ಪುಸ್ತಕಗಳಲ್ಲಿ ನೋಡಿದರೆ ‘ಕಿಂಗ್’ಗೆ ಮತ್ತೆ ವೈ, ಕೆಲವು ಕಡೆ ಕೊನೆಗೊಂದು ಇ.

ತಪ್ಪು ಹುಡುಕಲೇಬೇಕು ಅಂದರೆ ನಾನು ಬೇರೆ ಕಡೆ ತೋರಿಸುತ್ತೇನೆ. 1583ರಲ್ಲಿ ಎಲಿಜಬೆತ್ ರಾಣಿ ಅಕ್ಬರನಿಗೆ ಪತ್ರ ಕೊಟ್ಟು ವ್ಯಾಪಾರಿಗಳನ್ನು ಕಳಿಸಿದಳು. ಜಲಾಲುದ್ದೀನ್ ಅಕ್ಬರ್ ಅದರಲ್ಲಿ ‘ಝೆಲಾಬ್ದಿಮ್ ಎಚೆಬಾರ್, ಕಂಬಾಯದ ದೊರೆ’ ಆಗಿದ್ದಾನೆ. ಕಂಬಾಯ ಅಂದರೆ ಗುಜರಾತಿನ ಖಂಭಾತ್. ಅಷ್ಟು ದೊಡ್ಡ ಬಾದಶಹ ಒಂದು ಬಂದರಿನ ದೊರೆಯಾಗಿಬಿಟ್ಟ, ನೋಡಿ. ಆ ತಂಡದ ರಾಲ್ಫ್ ಫಿಚ್ ನಮ್ಮ ಬಿಜಾಪುರಕ್ಕೂ ಬಂದಿದ್ದ. ಅವನು ಅದನ್ನು ಬರೆದದ್ದು ‘ಬಿಸಾಪೋರ್’ ಅಂತ.

ಪೋಸ್ಟರಿನ ವಿಷಯ: ಮಕ್ಕಳು ಹೇಳುವ ಕೆ-ವೈ-ಎನ್-ಜಿ-ಇ ಆಲ್‌ಫ್ರೆಡ್‌ಗಿಂತ ಎಷ್ಟೋ ನೂರು ವರ್ಷ ಈಚಿನದು. ಕೆ-ವೈ-ಎನ್-ಐ-ಎನ್-ಜಿ ಅಂತ ಬರೆಸಿ. ಮೊದಲಿಗೆ ಸಿ ಇಟ್ಟರೂ ನಡೆಯುತ್ತೆ. ಕೊನೆಯ ಇ ಮಾತ್ರ ಬೇಡ. ನಾಟಕದ ತಾರೀಕು ತಿಳಿಸಿ, ಬಿಡುವಿದ್ದರೆ ಬರುತ್ತೇನೆ.

– ಸಂ.