ಅಪ್ಪ ರಾತ್ರಿ ಮನೆಗೆ ಬರಲು ಶುರುಮಾಡಿದ ವರ್ಷ

ಈಗಿನ ಕಲಾವಿದರ ದಿನನಿತ್ಯದ ಬದುಕಿನಲ್ಲಿ ಸದ್ದಿಲ್ಲದೆ ಆದ ಬದಲಾವಣೆ ಏನಾದರೂ ನೋಡಿದ್ದೀರಾ ಅಂತ ಕೇಳಿದ್ದೀರಿ. ನೋಡಿದ್ದೇನೆ, ನಮ್ಮ ಮನೆಯಲ್ಲೇ.

ನಮ್ಮದು ಕಾಸರಗೋಡಿನ ಬದಿಯಡ್ಕದ ಕಡೆ. ಯಕ್ಷಗಾನ ಪ್ರಸಂಗಗಳನ್ನು ಬರೆದ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಇಲ್ಲಿಂದ ದೂರವಿಲ್ಲ. ಅಪ್ಪ ಯಕ್ಷಗಾನದಲ್ಲಿ ತೆಂಕುತಿಟ್ಟಿನ, ಅಂದ್ರೆ ತೆಂಕಣ ಶೈಲಿಯ, ವೇಷಧಾರಿ. ದೀಪಾವಳಿ ಕಳೆದು ಮೇಳ ಹೊರಟರೆ ಪತ್ತನಾಜೆಗೆ, ಅಂದ್ರೆ ಮೇ 24-25ರ ಹೊತ್ತಿಗೆ, ಗೆಜ್ಜೆ ಬಿಚ್ಚುವವರೆಗೂ ಅವರಿಗೆ ರಾತ್ರಿಯೇ ಹಗಲು. ಬೆಳಿಗ್ಗೆ ಬಣ್ಣ ತೆಗೆದು ಮನೆಗೆ ಬಂದರೆ ಬಂದರು. ಆಟ ದೂರದಲ್ಲಿದ್ದರೆ ಬಿಡಾರದಲ್ಲೇ ನಿದ್ದೆ. ನಾನು ಶಾಲೆಗೆ ಹೋಗುವಾಗ ಅವರು ಬಂದಿರುತ್ತಿರಲಿಲ್ಲ, ನಾನು ಬರುವಾಗ ಹೊರಟಾಗಿರುತ್ತಿತ್ತು.

2020ರ ಮಾರ್ಚ್‌ನಲ್ಲಿ ಮೇಳಗಳು ತಿರುಗಾಟದ ಅರ್ಧದಲ್ಲೇ ನಿಂತವು. ತಲಪಾಡಿಯಲ್ಲಿ ಕರ್ನಾಟಕ-ಕೇರಳ ಗಡಿಯೂ ಮುಚ್ಚಿತು. ಅಪ್ಪನಿಗೆ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ. ದೇವಿ ಮಹಾತ್ಮೆ ಪ್ರಸಂಗದಲ್ಲಿ ಅವರದ್ದು ರಕ್ತಬೀಜನ ಪಾತ್ರ. ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಬಂದು ಹೋಗಿ, ಚಂಡಮುಂಡರೂ ಮುಗಿದು, ಬೆಳಗಿನ ಜಾವಕ್ಕೆ ಬರುವ ವೇಷ. ಆ ಹೊತ್ತಿಗೆ ಸರಿಯಾಗಿ ಎದ್ದು ಜಗಲಿಯಲ್ಲಿ ಕೂರುತ್ತಿದ್ದರು. ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ನೋಡಿದೆ. ಕತ್ತಲಲ್ಲಿ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ತುಟಿ ಆಡುತ್ತಿತ್ತು, ಸ್ವರ ಇರಲಿಲ್ಲ. ನಾನು ಸುಮ್ನೆ ಒಳಗೆ ಬಂದು ಮಲಗಿದೆ.

ಆಮೇಲೆ ಅವರ ಮೇಳ ಕಾಲಮಿತಿಗೆ ಬಂತು. ಸಂಜೆ ಆರಕ್ಕೆ ಶುರು, ಮಧ್ಯರಾತ್ರಿಗೆ ಮಂಗಳ. ರಾತ್ರಿ ಹತ್ತರ ಮೇಲೆ ವಿಶೇಷ ಅನುಮತಿ ಇಲ್ಲದೆ ಮೈಕ್ ಹಾಕಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮವೇ ಉಂಟು. ಮರುದಿನ ಕೆಲಸಕ್ಕೆ ಹೋಗುವ ಜನ ಹನ್ನೆರಡಕ್ಕೇ ಎದ್ದು ಹೋಗುತ್ತಿದ್ದದ್ದೂ ನಿಜ. ಸರಿಯೋ ತಪ್ಪೋ ಅನ್ನುವ ಚರ್ಚೆ ಬೇಕಾದಷ್ಟು ಆಗಿದೆ, ಅದನ್ನು ಬಿಡುವಾ.

ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಅಪ್ಪ ಏಳು ಗಂಟೆಗೆ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅಮ್ಮ ನೀರುದೋಸೆ ಎರೆಯುತ್ತಿದ್ದಳು. ನಾನಾಗ ಪ್ಲಸ್ ಟು, ಜಡೆ ಹಾಕುವ ಅವಸರದಲ್ಲಿದ್ದೆ.

"ನಿನ್ನ ಬಸ್ಸು ಎಷ್ಟು ಗಂಟೆಗೆ?" ಅಂತ ಕೇಳಿದರು.

ಐದು ವರ್ಷದಿಂದ ಅದೇ ಬಸ್ಸು. ನೂರಾರು ಪದ್ಯ ಬಾಯಿಪಾಠ ಇರುವ ಅಪ್ಪನಿಗೆ ಅದು ಗೊತ್ತಿರಲಿಲ್ಲ. "ಏಳೂ ಮುಕ್ಕಾಲು" ಅಂದೆ. ಅವರು ಅಂಗಿ ಹಾಕಿಕೊಂಡು ಬಸ್‌ಸ್ಟಾಪಿನವರೆಗೂ ಬಂದರು. ದಾರಿಯಲ್ಲಿ ಮಾತು ಕಡಿಮೆ. ಕಿವಿಯ ಹಿಂದೆ ಸ್ವಲ್ಪ ಬಣ್ಣ ಉಳಿದಿತ್ತು. ಎಷ್ಟು ತೆಂಗಿನೆಣ್ಣೆ ತಿಕ್ಕಿದರೂ ಆ ಜಾಗದಲ್ಲಿ ಹೋಗುವುದಿಲ್ಲ. ಬೆಳಗಿನ ಬಿಸಿಲಿನಲ್ಲಿ ಅದನ್ನು ನಾನು ಕಂಡದ್ದು ಅವತ್ತೇ ಮೊದಲು.

ಕಳೆದುಕೊಂಡದ್ದೂ ಉಂಟು. ರಾತ್ರಿ ಬೆಳೆದ ಹಾಗೆ ಪದ್ಯ ಹಾಡುವ ಭಾಗವತರ ಶ್ರುತಿ ಏರುತ್ತದೆ, ಬೆಳಗಿನ ಜಾವಕ್ಕೆ ರಾಗವೇ ಬೇರೆ. ರಕ್ತಬೀಜನ ಅರ್ಥಕ್ಕೆ, ಅಂದ್ರೆ ಅವನು ಆಡುವ ಮಾತಿಗೆ, ಆ ಹೊತ್ತೇ ಬಲ. ಈಗ ಹನ್ನೊಂದಕ್ಕೆ ಬಂದು, ಇದ್ದ ಮಾತಿನಲ್ಲಿ ಅರ್ಧ ಬಿಟ್ಟು ಹೇಳಬೇಕು. "ಯಾವ ಮಾತು ಬಿಡುವುದು ಅಂತ ನೋಡುವುದೇ ಈಗ ದೊಡ್ಡ ಕೆಲಸ" ಅನ್ನುತ್ತಾರೆ ಅಪ್ಪ. ಮೇಳದ ಹುಡುಗರಲ್ಲಿ ಕೆಲವರು ಹಗಲು ಬೇರೆ ಕೆಲಸ ಮಾಡಿ ಸಂಜೆ ಚೌಕಿಗೆ, ಅಂದ್ರೆ ಬಣ್ಣ ಹಚ್ಚುವ ಜಾಗಕ್ಕೆ, ಬರುತ್ತಾರೆ. ಕೈಗೆ ನಾಲ್ಕು ಕಾಸು ಜಾಸ್ತಿ ಸಿಗುತ್ತದೆ, ಸರಿ. ಆದ್ರೆ ರಾತ್ರಿ ಒಂದು ಗಂಟೆಗೆ ನಿದ್ದೆಗಣ್ಣಲ್ಲಿ ಬೈಕ್ ಬಿಡಬೇಕಲ್ವಾ? ಅಪ್ಪನ ಬೈಕಿನ ಸದ್ದು ಕೇಳುವವರೆಗೆ ಅಮ್ಮ ಇವತ್ತಿಗೂ ಮಲಗುವುದಿಲ್ಲ.

ನನ್ನನ್ನು ಕೇಳಿದರೆ ಅಪ್ಪನ ನಿದ್ದೆಯೇ ದೊಡ್ಡದು. ಆದ್ರೂ ಗದ್ದೆಯಾಚೆಯಿಂದ ಬರುತ್ತಿದ್ದ ಆ ನಸುಕಿನ ಚೆಂಡೆ ನೆನಪಾದರೆ ಸಂಕಟವಾಗುತ್ತದೆ.

ನಿಮಗೆ ಕಣ್ಣಾರೆ ನೋಡಬೇಕಿದ್ದರೆ ಪತ್ತನಾಜೆಯ ಮೊದಲು ಬನ್ನಿ. ಆಟ ಶುರುವಾಗುವ ಮುಂಚೆಯೇ ಚೌಕಿಗೆ ಹೋಗಿ. ರಾಕ್ಷಸ ಪಾತ್ರಗಳ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಕಡ್ಡಿಯಲ್ಲಿ ಒಂದೊಂದೇ ಚಿಟ್ಟಿ, ಅಂದ್ರೆ ಉಬ್ಬು ಚುಕ್ಕಿ, ಇಡುತ್ತಿರುತ್ತಾರೆ. ಮೊದಲು ರಾತ್ರಿ ದೀಪದೆದುರು ಮಾಡುತ್ತಿದ್ದ ಕೆಲಸ, ಈಗ ಇಳಿಬಿಸಿಲು ಕನ್ನಡಿಗೆ ಬೀಳುವಾಗ ನಡೆಯುತ್ತದೆ. ಆಗ ಮಾತಾಡಿಸಬೇಡಿ, ಕೆನ್ನೆ ಅಲುಗಿದರೆ ಚಿಟ್ಟಿ ಉದುರುತ್ತದೆ. ಕೇಳುವುದಿದ್ದರೆ ಬಣ್ಣ ತೆಗೆಯುವಾಗ ಕೇಳಿ.